ಭಟ್ಟಿ ಬಂದ್ ಇದ್ದ ವಾರದ ಗಾಯ: ಒಂದು ಪ್ರಕರಣ ಅಧ್ಯಯನ

ಆಷಾಢದ ಜಡಿ ಮಳೆ ನಾಲ್ಕು ದಿನ ಹಿಡಿದುಕೊಂಡರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಕುಂಟುತ್ತದೆ. ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ನಡುವೆ ಬಿಸಿಲು ಕೈಕೊಟ್ಟರೆ ಮುಂದಿನದೆಲ್ಲ ಹಾಗೇ ನಿಂತುಬಿಡುತ್ತದೆ. ಅಂಥದೊಂದು ವಾರ, ಒಲೆ ತಣ್ಣಗೆ ಬಿದ್ದಿದ್ದಾಗ, ಒಂದು ಭಟ್ಟಿ ಮನೆಯ ಸೊಸೆಯ ಎಡಗೈ ಮೇಲೆ ಹೊಸದಾಗಿ ಸುಟ್ಟ ಗಾಯ ಕಂಡಿತು. ಕಂಡದ್ದು ವೈದ್ಯರಿಗಲ್ಲ, ನನಗೂ ಅಲ್ಲ. ಆ ಓಣಿಯ ಆಶಾ ಕಾರ್ಯಕರ್ತೆಗೆ. ಅದಕ್ಕೂ ಮುಂಚೆ ಎರಡು ಸಲ ಆ ಸೊಸೆ ನಮ್ಮಲ್ಲಿ ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು ಹೋಗಿದ್ದಳು. ಎರಡೂ ಸಲ ಚೀಟಿಯಲ್ಲಿ ಬರೆದಿದ್ದದ್ದು ಒಂದೇ ಮಾತು: ಕೆಲಸದ ವೇಳೆ ಆಕಸ್ಮಿಕ.

"ಭಟ್ಟಿ ಹಚ್ಚದೆ ಆರು ದಿನ ಆತು ಮೇಡಂ, ಇದೆಲ್ಲಿಂದ ಬಂತು?" ಎಂದು ಆಶಾ ಅಕ್ಕ ನನ್ನ ಟೇಬಲ್ ಮುಂದೆ ನಿಂತು ಕೇಳಿದ ದಿನದಿಂದ ಈ ಪ್ರಕರಣ ಶುರು.

ನಾನು ಆಪ್ತಸಮಾಲೋಚಕಿ. ಕೆಲಸ ಮಾಡುವ ಜಾಗದ ಹೆಸರು ಇಲ್ಲಿ ಬೇಡ. ಹೆಣ್ಣುಮಗಳನ್ನು ರತ್ನ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ವಯಸ್ಸು, ಓಣಿ, ಇಸವಿ, ಮನೆಯವರ ಲೆಕ್ಕ ಇವನ್ನು ಬದಲಿಸಿದ್ದೇನೆ ಇಲ್ಲವೇ ಬಿಟ್ಟಿದ್ದೇನೆ. ಬರೆದದ್ದನ್ನು ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿದೆ. ಒಂದು ಕಡೆ ರತ್ನ "ಇದು ಬ್ಯಾಡ್ರಿ" ಎಂದಳು, ಆ ಭಾಗ ತೆಗೆದೆ. ಗಾಯ ಹೇಗೆ ಮಾಡಿಕೊಳ್ಳುತ್ತಿದ್ದಳು ಎನ್ನುವುದನ್ನು ಬೇಕೆಂದೇ ಬರೆದಿಲ್ಲ. ಅದು ತಿಳಿದರೆ ಯಾರಿಗೂ ಉಪಯೋಗವಿಲ್ಲ, ಕೆಲವರಿಗೆ ಅಪಾಯವಿದೆ.

ಮೊದಲ ದಿನ ಗೊತ್ತಿದ್ದದ್ದು

ವಯಸ್ಸು ಇಪ್ಪತ್ತೇಳು. ಜಗಳೂರು ಕಡೆಯ ಮಳೆಯಾಧಾರಿತ ಹಳ್ಳಿಯ ಹುಡುಗಿ, ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮದುವೆಯಾಗಿ ಆರು ವರ್ಷ. ಅಂಗನವಾಡಿಗೆ ಹೋಗುವ ಒಬ್ಬ ಮಗ. ಗಂಡ, ಅತ್ತೆ, ಮೈದುನ ಸೇರಿ ಬಾಡಿಗೆ ಭಟ್ಟಿ ನಡೆಸುತ್ತಾರೆ. ಬೆಳಗಿನ ಜಾವ ಮೂರಕ್ಕೆ ಏಳುವ ಮನೆ. ಗಂಡಸರದು ಒಲೆ, ಹೆಂಗಸರದು ಜರಡಿ ಹಿಡಿಯುವುದು, ಚೀಲ ತುಂಬುವುದು. ಅಂದರೆ ಬೆಂಕಿಯ ಹತ್ತಿರ ನಿಲ್ಲುವ ಕೆಲಸವೇ ಅವಳದಲ್ಲ. ಇದನ್ನು ನಾನು ಆ ದಿನವೇ ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳಲಿಲ್ಲ.

ಅತ್ತೆ ಹೇಳಿದ್ದಿಷ್ಟು: ಒಂದು ವರ್ಷದಿಂದ ಸರಿಯಾಗಿ ಉಣ್ಣುವುದಿಲ್ಲ, ತವರಿನ ಫೋನು ಎತ್ತುವುದಿಲ್ಲ, ಹಬ್ಬಕ್ಕೆ ತಂದ ಸೀರೆಯನ್ನು ಯಾರಿಗೋ ಕೊಟ್ಟುಬಿಡುತ್ತಾಳೆ, ಸಂಘದ ಕಂತಿನ ದುಡ್ಡನ್ನು ಕಟ್ಟದೆ ಎಲ್ಲೋ ಇಟ್ಟು ಮರೆಯುತ್ತಾಳೆ. "ಚೆನ್ನಾಗಿದ್ದದ್ದನ್ನ ತಾನೇ ಕೆಡಿಸ್ಕೆಂತಾಳ್ರಿ. ಏನೋ ಗಾಳಿ ಸೋಕೈತೆ." ಮುಖ ಊದಿಕೊಂಡಿತ್ತು. ಮಾತು ನಿಧಾನ. ಭಟ್ಟಿಯ ಕಾವಿನಲ್ಲಿ ಕೆಲಸ ಮಾಡುವವಳು ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟಿದ್ದಳು.

ನಮ್ಮಲ್ಲೇ ಒಬ್ಬರು "ಗಮನ ಸೆಳೆಯೋಕೆ ಮಾಡ್ಕೊಂಡಿರ್ತಾಳೆ ಬಿಡಿ" ಎಂದರು. ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಗಮನ ಬೇಕಾದವರು ಗಾಯದ ಮೇಲೆ ಉದ್ದ ತೋಳು ಎಳೆದುಕೊಳ್ಳುವುದಿಲ್ಲ.

ನಾನು ಎಡವಿದ್ದು

ಮದುವೆಯಾದ ಹೆಣ್ಣುಮಗಳ ಮೈಮೇಲೆ ಸುಟ್ಟ ಗಾಯ ಕಂಡರೆ ನಮ್ಮ ವೃತ್ತಿಯಲ್ಲಿ ಮೊದಲು ಬರುವ ಅನುಮಾನ ಗಂಡನ ಮೇಲೆ, ಅತ್ತೆಯ ಮೇಲೆ. ಬರಲೇಬೇಕು. ಇಂಥ ಗಾಯಗಳನ್ನು ಎಂಎಲ್‌ಸಿ (ಕಾನೂನಿನ ವಿಚಾರಣೆ ಬೇಕಾಗಬಹುದಾದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುವ ವಾಡಿಕೆ ಬೆಳೆದಿರುವುದೂ ಅದಕ್ಕೇ. ಅನುಮಾನಪಟ್ಟಿದ್ದು ತಪ್ಪಲ್ಲ. ಅದನ್ನೇ ತೀರ್ಮಾನ ಮಾಡಿಕೊಂಡಿದ್ದು ತಪ್ಪು.

"ಮನೆಯಲ್ಲಿ ಯಾರಾದರೂ ಕೈ ಮಾಡ್ತಾರಾ?" ಎಂದು ಕೇಳಿದೆ. ಅವಳು ಸುಮ್ಮನೆ ಕುಳಿತಳು. ಆ ಮೌನವನ್ನು ನಾನು ಹೌದು ಎಂದು ಓದಿಕೊಂಡೆ. ಪರದೆಯ ಆಚೆ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು ಎನ್ನುವುದಾಗಲೀ, ಪ್ರಶ್ನೆಯೇ ತಪ್ಪಿದ್ದರೆ ಉತ್ತರ ಬರುವುದಿಲ್ಲ ಎನ್ನುವುದಾಗಲೀ ಆ ಹೊತ್ತಿಗೆ ಹೊಳೆಯಲಿಲ್ಲ. 181 ಮಹಿಳಾ ಸಹಾಯವಾಣಿಯ ನಂಬರು ಬರೆದುಕೊಟ್ಟೆ. ಮರುವಾರ ಗಂಡನನ್ನು ಕರೆಸಿ, ಈಗ ನೆನೆದರೆ ನಾಚಿಕೆಯಾಗುವ ದನಿಯಲ್ಲಿ ವಿಚಾರಿಸಿದೆ. ಆತ ಮಾತಿನವನಲ್ಲ. ತಲೆ ತಗ್ಗಿಸಿ ನಿಂತಿದ್ದ. ಅದನ್ನೂ ತಪ್ಪೊಪ್ಪಿಗೆ ಎಂದುಕೊಂಡೆ. ಆಮೇಲೆ ನಮ್ಮ ಕಡೆಯ ಇಬ್ಬರು ಮನೆಗೆ ಹೋಗಿ ಬಂದರು. ಓಣಿ ಪೂರ್ತಿ ಬಾಗಿಲಿಗೆ ಬಂದು ನೋಡಿತು.

ರತ್ನ ಮತ್ತೆ ಬರಲಿಲ್ಲ. ನಾಲ್ಕು ತಿಂಗಳು.

ಆ ನಾಲ್ಕು ತಿಂಗಳಲ್ಲಿ ಮನೆಯವರು ತಮಗೆ ತೋಚಿದ್ದನ್ನು ಮಾಡಿದರು. ಹರಿಹರದ ಕಡೆ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ದಾರ ಕಟ್ಟಿಸಿದರು. ಅದರಿಂದ ಕೆಡುಕೇನೂ ಆಗಲಿಲ್ಲ. ಕೆಟ್ಟದ್ದು ಇನ್ನೊಂದರಿಂದ. ಒಂದು ಮಂಗಳವಾರ ದುಗ್ಗಮ್ಮನ ಗುಡಿಯಲ್ಲಿ ಅವಳ ಕೈಯಿಂದ ಆಣೆ ಮಾಡಿಸಿದರು: ಇನ್ನು ಮೈಗೆ ನೋವು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಮಗನ ಮೇಲಾಣೆ.

ಹನ್ನೊಂದು ದಿನಕ್ಕೆ ಆಣೆ ಮುರಿಯಿತು.

ಮನೆಯವರನ್ನು ಬೈದು ಉಪಯೋಗವಿಲ್ಲ. ನಾವು ಓದಿದವರೂ ಇದನ್ನೇ ಮಾಡುತ್ತೇವೆ, ದೇವರ ಹೆಸರು ಬಿಟ್ಟು. "ಇನ್ಮೇಲೆ ಮಾಡಿಕೊಳ್ಳಲ್ಲ ಅಂತ ನನಗೆ ಮಾತು ಕೊಡಿ" ಎಂದು ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವ ರೂಢಿ ಆಪ್ತಸಮಾಲೋಚನೆಯಲ್ಲಿ ಬಹುಕಾಲ ಇತ್ತು. ಈಗಲೂ ಕೆಲವೆಡೆ ಇದೆ. ಮಾತು ಮುರಿದಾಗ ಏನಾಗುತ್ತದೆ ಎಂಬುದನ್ನು ರತ್ನ ನನಗೆ ತೋರಿಸಿದಳು. ಮೊದಲು ಅವಳ ಮನಸ್ಸಿನಲ್ಲಿ ಒಂದು ತಪ್ಪಿತ್ತು, ಈಗ ಎರಡಾದವು. ಮಗನಿಗೆ ಜ್ವರ ಬಂದಾಗಲೆಲ್ಲ ತನ್ನಿಂದಲೇ ಎಂದು ನಂಬಿದಳು. ಅದಕ್ಕೆ ಮತ್ತೆ ತನಗೆ ಶಿಕ್ಷೆ.

ಬೇರೆ ಪ್ರಶ್ನೆ

ಕಾರ್ತಿಕದಲ್ಲಿ ಆಶಾ ಅಕ್ಕ ಅವಳನ್ನು ಮತ್ತೆ ಕರೆದುಕೊಂಡು ಬಂದರು. ಮಗನ ಲಸಿಕೆ ಎಂದು ಮನೆಯಲ್ಲಿ ಸುಳ್ಳು ಹೇಳಿ. ಈ ಸಲ ಬೆಂಚಿನ ಮೇಲೆ ಯಾರೂ ಇರಲಿಲ್ಲ. ನಾನು ಮೊದಲು ಕ್ಷಮೆ ಕೇಳಿದೆ. "ನಿಮ್ಮ ಮನೆಯವರ ಮೇಲೆ ಸುಮ್ಮನೆ ಅನುಮಾನ ಪಟ್ಟೆ" ಎಂದೆ. ಅವಳು ಮೊದಲ ಬಾರಿಗೆ ಮುಖ ಎತ್ತಿ ನೋಡಿದಳು. "ಅವ್ರು ಒಂದಿನಾನೂ ಕೈ ಎತ್ತಿಲ್ರಿ. ಎತ್ತಿದ್ರೆ ಚೆನ್ನಾಗಿರ್ತಿತ್ತು."

ಆ ಕೊನೆಯ ಮಾತೇ ಎಳೆ. ಯಾಕೆ ಮಾಡಿಕೊಂಡೆ ಎಂದು ನಾನು ಕೇಳಲಿಲ್ಲ. 'ಯಾಕೆ' ಎಂದರೆ ಎಲ್ಲರಿಗೂ ಬೈಗುಳದಂತೆ ಕೇಳಿಸುತ್ತದೆ. ಅದಕ್ಕೂ ಮುಂಚೆ ಒಳಗೆ ಹೇಗಿರುತ್ತದೆ, ಆದಮೇಲೆ ಹೇಗಿರುತ್ತದೆ ಎಂದು ಕೇಳಿದೆ.

"ಮುಂಚೆ ತಲೆ ತುಂಬಾ ಸದ್ದು ರೀ. ಕಾದ ಮರಳಿಗೆ ಅಕ್ಕಿ ಹಾಕಿದ್ರೆ ಚಟಚಟ ಅಂತೈತಲ್ಲ, ಹಂಗೆ. ಆಮೇಲೆ ಒಂದೀಟು ಹೊತ್ತು ಸುಮ್ನಾಗತೈತೆ."

"ಎಷ್ಟು ಹೊತ್ತು?"

"ಒಂದ್ ಚೀಲ ತುಂಬೋ ಅಷ್ಟು."

ತನ್ನನ್ನು ತಾನೇ ನೋಯಿಸಿಕೊಳ್ಳುವವರಲ್ಲಿ ತುಂಬಾ ಮಂದಿ ಹೇಳುವುದು ಇದನ್ನೇ, ಉಪಮೆ ಮಾತ್ರ ಬೇರೆ. ತಡೆಯಲಾಗದ ಭಾವನೆಯನ್ನು ಸ್ವಲ್ಪ ಹೊತ್ತು ತಣಿಸಲು, ಮರಗಟ್ಟಿದ ಮನಸ್ಸಿಗೆ ಏನಾದರೂ ಅನಿಸಲಿ ಎಂದು, ಅಥವಾ ತಾನು ಶಿಕ್ಷೆಗೆ ಅರ್ಹಳು ಎಂಬ ನಂಬಿಕೆಯಿಂದ. ಮೈಗೆ ನೋವಾದಾಗ ದೇಹ ತನ್ನದೇ ನೋವುನಿವಾರಕಗಳನ್ನು ಬಿಡುಗಡೆ ಮಾಡುತ್ತದೆ. ಗಮನ ಪೂರ್ತಿ ಗಾಯದ ಕಡೆ ಹರಿಯುತ್ತದೆ. ಆ ನೆಮ್ಮದಿ ನಿಜವಾದದ್ದೇ, ಆದರೆ ಅಲ್ಪಾಯುಷಿ. ಹಿಂದೆಯೇ ನಾಚಿಕೆ ಬರುತ್ತದೆ, ನಾಚಿಕೆ ಮುಚ್ಚಿಡಿಸುತ್ತದೆ, ಮುಚ್ಚಿಟ್ಟದ್ದು ಮತ್ತೆ ಸದ್ದಾಗುತ್ತದೆ. ಊಟ ಬಿಡುವುದು, ತವರು ಕಡಿದುಕೊಳ್ಳುವುದು, ಸೀರೆ ಕೊಟ್ಟುಬಿಡುವುದು ಅತ್ತೆಗೆ ಬೇರೆ ಬೇರೆ ಹುಚ್ಚಾಟಗಳಾಗಿ ಕಂಡಿದ್ದವು. ನನಗೆ ಅವೆಲ್ಲ ಒಂದೇ ಸಾಲಿನಲ್ಲಿ ನಿಂತಂತೆ ಕಂಡವು: ನನಗೆ ಒಳ್ಳೆಯದು ಯಾವುದೂ ಸಲ್ಲದು.

ಆಮೇಲೆ ಇನ್ನೊಂದು ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳಿದೆ: "ಸಾಯಬೇಕು ಅನಿಸುತ್ತದಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ. ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ. ತನ್ನನ್ನು ನೋಯಿಸಿಕೊಳ್ಳುವುದೂ ಸಾಯಬಯಸುವುದೂ ಒಂದೇ ಅಲ್ಲ. ಆದರೆ ನೋಯಿಸಿಕೊಳ್ಳುವವರಿಗೆ ಮುಂದೆ ಆ ಅಪಾಯ ಹೆಚ್ಚು. ಅದಕ್ಕೇ ಕೇಳದೆ ಬಿಡುವಂತಿಲ್ಲ. ರತ್ನ ಹೇಳಿದಳು: "ಮಲಗಿದೋಳು ಏಳದೆ ಇದ್ರೆ ಸಾಕು ಅನ್ಸತೈತೆ. ಆದ್ರೆ ನಾನಾಗೇ ಏನೂ ಮಾಡ್ಕೆಳಲ್ಲ, ಹುಡುಗ ಐತಲ್ರಿ." ಯೋಜನೆಯಿಲ್ಲ, ಆಸೆಯ ನೆರಳಿದೆ. ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಒಂದು ಮಾತ್ರೆಯ ಕಥೆ

ಮನೋವೈದ್ಯರು ಊದಿದ ಮುಖ, ನಿಧಾನದ ಮಾತು, ಒರಟಾದ ಚರ್ಮ ನೋಡಿ ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಹಾರ್ಮೋನು ಕುಂದಿದಷ್ಟೂ ಏರುವ, ಸಾಮಾನ್ಯವಾಗಿ ನಾಲ್ಕೈದರ ಒಳಗಿರಬೇಕಾದ ಟಿಎಸ್‌ಎಚ್ ಮೂವತ್ತೆಂಟು ಇತ್ತು. ಥೈರಾಯ್ಡ್ ಹಾರ್ಮೋನು ಇಷ್ಟು ಕಡಿಮೆಯಾದರೆ ಅದೊಂದೇ ಸಾಕು ಮನಸ್ಸು ಮಂಕಾಗಲು, ದಣಿಯಲು, ಮರೆಯಲು. ಖಿನ್ನತೆ ಇದ್ದರಂತೂ ಅದನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9ರಲ್ಲಿ ಇಪ್ಪತ್ತೇಳಕ್ಕೆ ಹದಿನೆಂಟು. ಹರೆಯದಿಂದಲೇ ಬೇರೂರುವ ವ್ಯಕ್ತಿತ್ವದ ತೊಂದರೆ ಇರಬಹುದೇ ಎಂದೂ ವೈದ್ಯರು ವಿಚಾರಿಸಿದರು. ಎರಡು ವರ್ಷದ ಹಿಂದೆ ಅವಳು ಓಣಿಗೆಲ್ಲ ನಗಿಸುವವಳಾಗಿದ್ದಳು ಎಂದು ಆಶಾ ಅಕ್ಕ ಹೇಳಿದ ಮೇಲೆ ಅದು ಹೊಂದಲಿಲ್ಲ.

"ಥೈರಾಯ್ಡ್ ಮಾತ್ರೆ ಯಾವತ್ತಾದರೂ ತಗೊಂಡಿದ್ರಾ?" ಎಂದರು ವೈದ್ಯರು.

"ಬಸುರಿ ಇದ್ದಾಗ ಕೊಟ್ಟಿದ್ರು. ಆಗ ನುಂಗದೆ ಇದ್ದೋಳು ಈಗ ಯಾರಿಗೋಸ್ಕರ ನುಂಗ್ಲಿ?"

ಅಲ್ಲಿಂದ ಉಳಿದದ್ದೆಲ್ಲ ಹೊರಬಂತು. ಒಂದೇ ದಿನವಲ್ಲ, ಮೂರು ವಾರ ಹಿಡಿಯಿತು. ಎರಡನೇ ಬಸುರಿನಲ್ಲಿ ಥೈರಾಯ್ಡ್ ಕಂಡು ಮಾತ್ರೆ ಕೊಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಮುಕ್ಕಾಲು ಗಂಟೆ ಚಹಾ ಕುಡಿಯಬಾರದು. ಮೂರಕ್ಕೆ ಎದ್ದು ಚಹಾ ಕುಡಿದೇ ಕೆಲಸಕ್ಕೆ ಇಳಿಯುವ ಮನೆಯಲ್ಲಿ ಅದು ವಾರದಲ್ಲಿ ಎರಡು ಮೂರು ದಿನ ತಪ್ಪುತ್ತಿತ್ತು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆರಿಗೆಯಾದ ಮೇಲೆ ಗಂಡಸರು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಅವಳಿಗೆ ಮುಖ ತೋರಿಸಲಿಲ್ಲ. ನೋಡಿದರೆ ಮರೆಯಲಾಗದು ಎಂದು ಹಿರಿಯರು ಹೇಳಿದ್ದರು. ಗಂಡೋ ಹೆಣ್ಣೋ ಎಂದು ಕೂಡ ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅದಾಗಿ ಒಂಬತ್ತನೇ ದಿನಕ್ಕೆ ದುಗ್ಗಮ್ಮನ ಜಾತ್ರೆ. ಹೊರಗಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಗೆ ದಾವಣಗೆರೆಯ ಹಳೇ ಊರಿನಲ್ಲಿ ನೆಂಟರಿಲ್ಲದ ಮನೆ ಸಿಗದು. ತಿಂಗಳ ಮುಂಚೆಯೇ ಹೇಳಿಕೆ ಹೋಗಿರುತ್ತದೆ. ಬಂದವರಿಗೆ ಅನ್ನ ಹಾಕದೆ ಕಳಿಸುವುದುಂಟೇ? ನಲವತ್ತು ಜನರ ಅಡುಗೆ ನಡೆಯಿತು. ಎದೆಹಾಲು ಕಟ್ಟಿಕೊಂಡು ಜ್ವರ ಬಂದಿದ್ದವಳು ಒಳಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಬಂದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು "ಹೋಗಿದ್ದು ಹೋತು, ಒಂದು ಐತಲ್ಲ" ಎಂದು ಸಮಾಧಾನ ಹೇಳಿ ಹೋದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ.

ಮಾತ್ರೆ ತಪ್ಪಿಸಿದ್ದಕ್ಕೇ ಮಗು ಹೋಯಿತು ಎಂದು ಅವಳು ಅಲ್ಲೇ ತೀರ್ಪು ಕೊಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ. ಮಾತ್ರೆಯ ಡಬ್ಬಿಯನ್ನು ಎಸೆಯಲೂ ಇಲ್ಲ, ನುಂಗಲೂ ಇಲ್ಲ. ಅಕ್ಕಿ ಡಬ್ಬದ ಹಿಂದೆ ಅದು ಹಾಗೇ ಇತ್ತು.

ನಾವು ಮಾಡಿದ್ದು

ವೈದ್ಯರು ಥೈರಾಕ್ಸಿನ್ ಜೊತೆಗೆ ಖಿನ್ನತೆಗೆ ಒಂದು ಮಾತ್ರೆ ಶುರು ಮಾಡಿದರು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳೆಸಬಹುದು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಬಿಡುತ್ತಾರೆ. ಥೈರಾಯ್ಡ್ ಮಾತ್ರೆಗೆ ಹೊಸ ಹೊತ್ತು ಹುಡುಕಿದೆವು. ಬೆಳಗಿನ ಚಹಾದೊಂದಿಗೆ ಗುದ್ದಾಡುವುದು ಬೇಡ, ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ನುಂಗಿದರೂ ನಡೆಯುತ್ತದೆ ಎಂದರು ವೈದ್ಯರು. ಆ ಮನೆಯಲ್ಲಿ ಊಟ ಸಂಜೆ ಆರೂವರೆಗೇ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆಯೇ ಯಾರಾದರೂ ಅವಳ ದಿನಚರಿ ಕೇಳಿದ್ದರೆ ಎಂದು ಅನ್ನಿಸದೇ ಇರಲಿಲ್ಲ.

ಆದರೆ ನುಂಗಲು ಅವಳು ಒಪ್ಪಬೇಕಲ್ಲ? ಹಳೇ ದಾಖಲೆಗಳನ್ನು ತರಿಸಿ ಸ್ತ್ರೀರೋಗ ತಜ್ಞೆಯೊಬ್ಬರ ಮುಂದೆ ಅವಳನ್ನು ಕೂರಿಸಿದೆ. ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಅವರು ಹೇಳಿಬಿಡಲಿ ಎಂದು ನಾನು ಒಳಗೊಳಗೇ ಬಯಸಿದ್ದೆ. ಅವರು ಹಾಗೆ ಹೇಳಲಿಲ್ಲ. "ಥೈರಾಯ್ಡ್ ತೀರಾ ಕಡಿಮೆ ಇದ್ದರೆ ಬಸುರಿಗೆ ತೊಂದರೆ ಆಗಬಹುದು, ನಿಜ. ನಿಮ್ಮ ಮಗು ಅದರಿಂದಲೇ ಹೋಯಿತಾ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ. ಮಾತ್ರೆ ಒಂದು ದಿನವೂ ತಪ್ಪಿಸದವರಿಗೂ ಹೀಗೆ ಆಗಿದ್ದು ನಾನು ನೋಡಿದೀನಿ" ಎಂದರು. ರತ್ನ ತುಂಬಾ ಹೊತ್ತು ಅವರನ್ನೇ ನೋಡಿದಳು. ಹೊರಗೆ ಬಂದು "ಅವ್ರು ಸುಳ್ಳು ಹೇಳ್ಲಿಲ್ಲ" ಎಂದಳು. ಆ ರಾತ್ರಿಯಿಂದ ಮಾತ್ರೆ ಶುರುವಾಯಿತು. ಸುಳ್ಳು ಸಮಾಧಾನ ಹೇಳಿದ್ದರೆ ಇದು ಆಗುತ್ತಿರಲಿಲ್ಲ ಎಂದು ನನ್ನ ಊಹೆ.

ನೋಯಿಸಿಕೊಳ್ಳುವುದನ್ನು ನಿಲ್ಲಿಸಿ ಎಂದು ನಾನು ಕೇಳಲಿಲ್ಲ. ಇರುವ ಒಂದೇ ಊರುಗೋಲನ್ನು ಕಿತ್ತುಕೊಂಡು ನಡೆ ಎನ್ನುವುದು ಸರಿಯಲ್ಲ. ಬದಲಿಗೆ, ಸದ್ದು ಏರುವಾಗ ಹತ್ತು ನಿಮಿಷ ಮುಂದೂಡುವುದು, ಆ ಹತ್ತು ನಿಮಿಷಕ್ಕೆ ಕೈಗೊಂದು ಕೆಲಸ. ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ರೂಪಿಸಿದ, ತೀವ್ರ ಭಾವನೆಗಳನ್ನು ಸಂಭಾಳಿಸಲು ಕಲಿಸುವ ಡಿಬಿಟಿ ಎಂಬ ಚಿಕಿತ್ಸೆಯಲ್ಲಿ ಇಂಥ ಉಪಾಯಗಳು ಹಲವಿವೆ. ಹರೆಯದಲ್ಲಿ ತಾವೂ ಹೀಗೇ ನೋಯಿಸಿಕೊಳ್ಳುತ್ತಿದ್ದುದನ್ನು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ರತ್ನಳಿಗೆ ಇದನ್ನು ಹೇಳಿದಾಗ "ಡಾಕ್ಟ್ರಾದೋರಿಗೂ?" ಎಂದು ಎರಡು ಸಲ ಕೇಳಿದಳು.

ಪುಸ್ತಕದ ಉಪಾಯಗಳಲ್ಲಿ ಅರ್ಧ ಆ ಮನೆಗೆ ಹೊಂದಲಿಲ್ಲ. ಐಸ್ ತುಂಡು ಹಿಡಿದುಕೊಳ್ಳಲು ಫ್ರಿಜ್ ಇಲ್ಲ. ಒಬ್ಬಳೇ ಕೂತು ಉಸಿರು ಎಣಿಸಲು ಕೋಣೆ ಇಲ್ಲ. ನೆಂಟರ ಮುಂದೆ ಕಣ್ಣು ಮುಚ್ಚಿ ಕೂತರೆ ಮತ್ತೆ ಗಾಳಿಯ ಮಾತು. ಮೂರು ಸಲ ಸೋತ ಮೇಲೆ ದಾರಿ ಅವಳೇ ಹುಡುಕಿದಳು. ಹಿತ್ತಲ ಮಡಕೆಯ ತಣ್ಣೀರನ್ನು ಮುಖಕ್ಕೆ ಎರಚಿಕೊಳ್ಳುವುದು, ಆಮೇಲೆ ಖಾಲಿ ಚೀಲಗಳನ್ನು ಕೊಡವಿ ಮಡಿಚಿ ಒಟ್ಟುವುದು. ಇಪ್ಪತ್ತು ಚೀಲ ಮಡಿಚುವಷ್ಟರಲ್ಲಿ ಸದ್ದು ಇಳಿದಿದ್ದರೆ ಆಯಿತು. ಇಳಿಯದಿದ್ದರೆ ಆಶಾ ಅಕ್ಕನಿಗೆ ಮಿಸ್ಡ್ ಕಾಲ್. ಅದೂ ಆಗದಿದ್ದರೆ 14416. ಟೆಲಿ-ಮನಸ್ ಎಂಬ ಈ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟನ್ನೂ ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಯ ಹಿಂದೆ ಅವಳ ಕೈಯಲ್ಲೇ ಬರೆಸಿದೆ: ಮಡಕೆ, ಚೀಲ, ಅಕ್ಕ, ನಂಬರು. ಮನೆಯ ಮಾತ್ರೆಗಳೆಲ್ಲ ಒಂದು ಡಬ್ಬಿಗೆ ಹೋಗಿ, ಡಬ್ಬಿ ಗಂಡನ ಕೈಗೆ ಹೋಯಿತು. ದಿನದ್ದು ದಿನಕ್ಕೆ.

ಅತ್ತೆಯ ಹೆದರಿಕೆ ಬೇರೆಯದೇ. "ದೊಡ್ಡಾಸ್ಪತ್ರೆಗೆ ಅಂದ್ರೆ ಪೊಲೀಸ್ ಕೇಸ್ ಮಾಡ್ತಾರೆ, ಸಾಯಕ್ಕೆ ಹೋಗಿದ್ಲು ಅಂತ ಜೈಲಿಗೆ ಹಾಕ್ತಾರೆ." ನನ್ನ ಮೊದಲ ಎಡವಟ್ಟು ಆ ಹೆದರಿಕೆಗೆ ನೀರೆರೆದಿತ್ತು. ಕೂತು ವಿವರಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುವ, ಭಾರತೀಯ ದಂಡ ಸಂಹಿತೆಯ ಹಳೇ 309ನೇ ಸೆಕ್ಷನ್ ಇತ್ತು, ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೇ ಸೆಕ್ಷನ್ನೇ ಇಲ್ಲ. ರತ್ನ ಮಾಡಿಕೊಂಡದ್ದು ಆತ್ಮಹತ್ಯೆಯ ಯತ್ನವೂ ಅಲ್ಲ. ಅತ್ತೆಗೆ ಸೆಕ್ಷನ್‌ಗಳು ಎಷ್ಟು ಅರ್ಥವಾದವೋ ಗೊತ್ತಿಲ್ಲ. "ಹಂಗಾದ್ರೆ ನಮ್ ಹುಡುಗನ್ನ ಕರೆಸಲ್ಲ ತಾನೆ?" ಎಂದು ಮಾತ್ರ ಕೇಳಿದರು.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಕಂಡುಬಂದಿತ್ತು. ಆಸ್ಪತ್ರೆ ದೂರ, ವೈದ್ಯರು ಕಡಿಮೆ ಎಂದು ನಾವು ಕಾರಣ ಕೊಡುತ್ತೇವೆ. ರತ್ನಳ ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ.

ಜಾತ್ರೆ ಮತ್ತೆ ಬಂತು

ಪುಷ್ಯ ಕಳೆಯುವ ಹೊತ್ತಿಗೆ ಪಿಎಚ್‌ಕ್ಯು ಹನ್ನೊಂದಕ್ಕೆ ಇಳಿದಿತ್ತು. ಐದು ವಾರ ಗಾಯವಿಲ್ಲ. ನಾನು ಒಳಗೊಳಗೇ ಬೀಗಿದ್ದೆ. ಆಗ ಓಣಿಯಲ್ಲಿ ಸುಣ್ಣ ಬಣ್ಣ ಶುರುವಾಯಿತು. ಎರಡು ವರ್ಷ ತುಂಬಿ ದುಗ್ಗಮ್ಮನ ಜಾತ್ರೆ ಮತ್ತೆ ಬಂದಿತ್ತು. ಅತ್ತೆ ನೆಂಟರ ಪಟ್ಟಿ ಹಾಕುತ್ತಿದ್ದರು.

ಇದು ಬರುತ್ತದೆಂದು ನನಗೆ ಗೊತ್ತಿರಬೇಕಿತ್ತು. ಕಡತದಲ್ಲಿ ನಾನೇ ಬರೆದಿದ್ದೆ. ಆದರೂ ಅದಕ್ಕೆಂದು ಏನನ್ನೂ ಸಿದ್ಧ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಆರಕ್ಕೆ ಆಶಾ ಅಕ್ಕನ ಫೋನು. ರತ್ನ ಮಾತ್ರೆಯನ್ನು ನಾಲ್ಕು ದಿನದಿಂದ ನಾಲಿಗೆ ಕೆಳಗೆ ಇಟ್ಟುಕೊಂಡು ಹೊರಗೆ ಉಗುಳುತ್ತಿದ್ದಳು, ಕೈ ಮೇಲೆ ಹೊಸ ಗಾಯ, ರಾತ್ರಿ ಮಗು ಅಳುವುದು ಕೇಳಿಸುತ್ತದೆ ಎನ್ನುತ್ತಿದ್ದಳು. ವೈದ್ಯರು ಒಂದು ವಾರ ಒಳರೋಗಿಯಾಗಿ ಇರಿಸಿಕೊಂಡರು. ಅವಳ ಒಪ್ಪಿಗೆ ಪಡೆದೇ.

ಆ ವಾರದ ಮೂರನೇ ದಿನ ಗಂಡ ನನ್ನ ಹತ್ತಿರ ಬಂದ. ಮೊದಲ ಸಲ ಬೈಸಿಕೊಂಡು ಹೋದವನು ನನ್ನ ಕೋಣೆಗೆ ಕಾಲಿಟ್ಟಿರಲಿಲ್ಲ. ಕೂರಿ ಎಂದರೆ ಕೂರಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಹಗ್ಗದಂತೆ ಹುರಿಗೊಳಿಸುತ್ತಿದ್ದ. "ಮೇಡಂ, ಅದನ್ನ ಎತ್ಕೆಂಡು ಹೋದೋನು ನಾನೇ. ಅವ್ಳು ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನಾನಾಗೇ ಹೇಳಿದ್ರೆ ಎಲ್ಲಿ ಒಡ್ದು ಹೋಗ್ತಾಳೋ ಅಂತ."

ಇಲ್ಲಿ ನಾನು ಒಂದು ತೀರ್ಮಾನ ಮಾಡಬೇಕಿತ್ತು. ಅವಳ ಸ್ಥಿತಿ ಸೂಕ್ಷ್ಮವಾಗಿದೆ, ಈಗ ಈ ಮಾತು ಬೇಡ, ಡಿಸ್ಚಾರ್ಜ್ ಆದ ಮೇಲೆ ನೋಡೋಣ ಎಂದು ಒಂದು ಮನಸ್ಸು. ಎಲ್ಲರೂ ಎರಡು ವರ್ಷದಿಂದ ಹೇಳಿಕೊಂಡು ಬಂದದ್ದೂ ಅದನ್ನೇ ಅಲ್ಲವೇ ಎಂದು ಇನ್ನೊಂದು ಮನಸ್ಸು. ವೈದ್ಯರನ್ನು ಕೇಳಿದೆ. ರತ್ನಳನ್ನೇ ಕೇಳಿ ಎಂದರು. ಸರಳವಾದ ಈ ದಾರಿ ನನಗೆ ಹೊಳೆದಿರಲಿಲ್ಲ. ಅವಳನ್ನು ಕೇಳಿದೆ: ನಿಮ್ಮ ಮನೆಯವರಿಗೆ ಆ ದಿನದ ಬಗ್ಗೆ ಹೇಳುವುದಿದೆ, ಕೇಳುತ್ತೀರಾ? ಒಂದು ದಿನ ಸುಮ್ಮನಿದ್ದು, ಮರುದಿನ ಮಧ್ಯಾಹ್ನ ಹೂಂ ಎಂದಳು.

ಆಸ್ಪತ್ರೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಕೂತೆವು. ಗಂಡ ನೆಲ ನೋಡುತ್ತಾ ಹೇಳಿದ. ಹೆಣ್ಣುಮಗು. ತಲೆ ತುಂಬಾ ಕೂದಲಿತ್ತು. ಮೂಗು ಅವಳದೇ. ಅವನ ಹೊಸ ಟವೆಲ್ಲಿನಲ್ಲಿ ಸುತ್ತಿದ. ಹೂಳುವ ಮುಂಚೆ ಯಾರೂ ನೋಡದ ಹಾಗೆ ಒಂದು ಸಲ ಬಿಚ್ಚಿ ನೋಡಿದ. ಇಂಥ ಜಾಗದಲ್ಲಿ, ಇಂಥ ಗಿಡದ ಬುಡದಲ್ಲಿ.

ರತ್ನ ಅಳಲಿಲ್ಲ. "ಕೂದ್ಲು ಗುಂಗ್ರಾ?" ಎಂದಳು. "ಹೂಂ, ಗುಂಗ್ರು" ಎಂದ. ಆಮೇಲೆ ಅವನು ಅತ್ತ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು, ಗಾಯವಿದ್ದ ಎಡಗೈ. ನಾನು ನೀರು ತರುವ ನೆಪದಲ್ಲಿ ಎದ್ದು ಬಂದೆ.

ಆ ವರ್ಷ ಅವರ ಮನೆಯಲ್ಲಿ ಜಾತ್ರೆಯ ಊಟ ನಡೆಯಿತು, ಹದಿನೈದು ಜನಕ್ಕೆ. ಮೊದಲ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೇ ಆ ಗಿಡದ ಹತ್ತಿರ ಹೋಗಿ ಬಂದರು. ಅತ್ತೆ ತಡೆಯಲಿಲ್ಲ. ಹೋಗುವಾಗ ಕೈಗೆ ಒಂದು ಮೊಳ ಹೂ ಕೊಟ್ಟರಂತೆ. ಆಣೆಯ ವಿಷಯವನ್ನೂ ಅತ್ತೆಯೇ ಬಗೆಹರಿಸಿದರು. ಸೊಸೆಯನ್ನು ಗುಡಿಗೆ ಕರೆದುಕೊಂಡು ಹೋಗಿ "ಹುಡುಗಿ ಮೇಲೆ ಹೊರಿಸಿದ್ದು ನನ್ನ ತಪ್ಪು ತಾಯೀ, ವಾಪಸ್ ತಗೊಂಡೀನಿ" ಎಂದು ಕಾಯಿ ಒಡೆಸಿದರು. ನನ್ನ ಯಾವ ಉಪಾಯವೂ ಈ ಕೆಲಸ ಮಾಡುತ್ತಿರಲಿಲ್ಲ.

ಈಗ

ಇದಾಗಿ ಹದಿನಾರು ತಿಂಗಳಾಗಿದೆ. ಗಾಯ ಒಮ್ಮೆಲೇ ನಿಲ್ಲಲಿಲ್ಲ. ಆಮೇಲೂ ಎರಡು ಸಲ ಆಯಿತು. ಎರಡೂ ಸಲ ಅವಳೇ ಬಂದು ಹೇಳಿದಳು, ನಾನು ಲೆಕ್ಕ ಹಾಕಲಿಲ್ಲ, ಬೈಯಲಿಲ್ಲ. ಟಿಎಸ್‌ಎಚ್ ಸರಿದಾರಿಗೆ ಬಂದಿದೆ. ಪಿಎಚ್‌ಕ್ಯು ಆರು. ಖಿನ್ನತೆಯ ಮಾತ್ರೆಯನ್ನು ವೈದ್ಯರು ನಿಧಾನಕ್ಕೆ ಇಳಿಸುತ್ತಿದ್ದಾರೆ. ತವರಿನ ಫೋನು ಎತ್ತುತ್ತಾಳೆ, ಆದರೆ ಅಲ್ಲಿಗೆ ಹೋಗಿ ಉಳಿಯಲು ಇನ್ನೂ ಒಲ್ಲೆ ಎನ್ನುತ್ತಾಳೆ. ಆ ಗಂಟು ನನಗೆ ಬಿಚ್ಚಿಲ್ಲ. ಅವಳು ಗುಣವಾದದ್ದರಲ್ಲಿ ಮಾತ್ರೆಯ ಪಾಲೆಷ್ಟು, ಬೇವಿನ ಕಟ್ಟೆಯ ಪಾಲೆಷ್ಟು ಎಂದು ಕೇಳಿದರೆ ಬೇರ್ಪಡಿಸಿ ಹೇಳಲಾರೆ. ಮಾತ್ರೆ ಇಲ್ಲದಿದ್ದರೆ ಆ ಕಟ್ಟೆಯ ಮಾತನ್ನು ಕೇಳುವ ಶಕ್ತಿ ಅವಳಿಗಿರುತ್ತಿರಲಿಲ್ಲ ಎಂದಷ್ಟೇ ನನ್ನ ಅಂದಾಜು.

ನನ್ನ ಕೆಲಸದಲ್ಲಿ ಎರಡು ಬದಲಾಗಿವೆ. ಸುಟ್ಟ ಗಾಯ ಕಂಡರೆ ಹಿಂಸೆಯ ಪ್ರಶ್ನೆಯನ್ನು ಈಗಲೂ ಕೇಳುತ್ತೇನೆ, ಪರದೆಯ ಆಚೆ ಯಾರೂ ಇಲ್ಲದಾಗ. ಜೊತೆಗೆ ನಿಮ್ಮ ದಿನ ಹೇಗೆ ನಡೆಯುತ್ತದೆ ಎಂದೂ ಕೇಳುತ್ತೇನೆ, ಎಷ್ಟಕ್ಕೆ ಏಳುವುದರಿಂದ ಶುರು ಮಾಡಿ. ಇನ್ನೊಂದು, ಪ್ರತಿ ಕಡತದ ಮೊದಲ ಪುಟದಲ್ಲಿ ಆ ಮನೆಯ ಕಷ್ಟದ ತಿಂಗಳು ಯಾವುದೆಂದು ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ.

ಕಳೆದ ವಾರ ರತ್ನ ಬಂದಿದ್ದಳು, ಗಿಡ್ಡ ತೋಳಿನ ರವಿಕೆಯಲ್ಲಿ, ಒಂದು ಚೀಲ ಮಂಡಕ್ಕಿ ಹೊತ್ತು. ಮೈದುನ ಬೇರೆಯಾದ ಮೇಲೆ ಅವಳೂ ಒಲೆಯ ಮುಂದೆ ನಿಲ್ಲುತ್ತಾಳೆ. ಬಲಗೈ ಬೆರಳಿನ ಮೇಲೆ ಬೊಬ್ಬೆ ಇತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

"ಇದು ಒಲೆದೇ ರೀ."

"ಯಾವತ್ತು? ಎಷ್ಟೊತ್ತಿಗೆ?"

"ಸೋಮವಾರ. ಆರು ಗಂಟೆಗೆ, ಹೊಟ್ಟು ನೂಕಾಗ. ಆಶಾ ಅಕ್ಕ ಅಲ್ಲೇ ಇದ್ಳು, ಕೇಳ್ರಿ ಬೇಕಾದ್ರೆ" ಎಂದು ನಕ್ಕಳು.

ಕೇಳಲಿಲ್ಲ. ಕಡತ ತೆಗೆದು ತಾರೀಕು ಹಾಕಿ ಬರೆದೆ: ಕೆಲಸದ ವೇಳೆ ಆಕಸ್ಮಿಕ.